ರೆಡ್ಡಿಯವರ ಟರ್ಬೊ ಕಾರು, ಏಳುಮಲೈ ಮತ್ತು ನಾನು

ಬಂಗಾರಪೇಟೆಯಲ್ಲಿ ನಾನು ನಡೆಸುತ್ತಿದ್ದ ಗ್ಯಾರೇಜು ಮುಚ್ಚಿ ಬಹಳ ಕಾಲವಾಯಿತು. ಈಗ ಮಂಡಿ ಬಗ್ಗುವುದಿಲ್ಲ, ಎಡಗಿವಿ ಕೇಳುವುದಿಲ್ಲ. ಆದರೂ ಈ ಕಸುಬಿಗೆ ಹೊಸದಾಗಿ ಬಂದವರು ಆಗಾಗ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಾರೆ. ಬಹುಪಾಲು ಅವರ ಪ್ರಶ್ನೆ ಒಂದೇ. "ಟರ್ಬೊ ಎಂಜಿನ್ ಬಿಚ್ಚಿ ಕಟ್ಟಿದ ಮ್ಯಾಲೆ ಹೆಡ್ ಗ್ಯಾಸ್ಕೆಟ್ ಯಾಕಣ್ಣಾ ನಿಲ್ಲಲ್ಲ?" ನಾನು ಉತ್ತರ ಹೇಳಿ ಕಳಿಸುತ್ತೇನೆ. ಆ ಉತ್ತರವನ್ನು ಎಲ್ಲಿ ಕಲಿತೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಉರಿಗಾಂನ ಏಳುಮಲೈಯಿಂದ ಕಲಿತೆ. ಅವನ ಮೇಲೆ ನನಗೆ ಇಪ್ಪತ್ತು ವರ್ಷ ಹೊಟ್ಟೆಕಿಚ್ಚಿತ್ತು. ಅದನ್ನು ಮುಚ್ಚಿಟ್ಟು ಬರೀ ಕೆಲಸದ ವಿಚಾರ ಬರೆದರೆ ಅರ್ಧ ಸುಳ್ಳು ಬರೆದಂತಾಗುತ್ತದೆ.

ಮೊದಲು ಕೆಲಸದ ಮಾತು. ಎಂಜಿನ್ನಿನ ಕೆಳಗಿನ ದಪ್ಪ ಭಾಗಕ್ಕೆ ಬ್ಲಾಕು ಎನ್ನುತ್ತೇವೆ; ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುವುದು ಅದರೊಳಗೆ. ಅದರ ಮೇಲೆ ಮುಚ್ಚಳದಂತೆ ಬೋಲ್ಟು ಹಾಕಿ ಬಿಗಿಯುವುದು ಹೆಡ್ಡು. ಎರಡರ ನಡುವೆ ಕೂರುವ ತೆಳ್ಳನೆಯ ಹಾಳೆಯೇ ಗ್ಯಾಸ್ಕೆಟ್. ಒಳಗೆ ಉರಿಯುವ ಬೆಂಕಿ, ಸುತ್ತ ಹರಿಯುವ ನೀರು, ಸಂದಿಗೊಂದಿಯಲ್ಲಿ ಓಡುವ ಎಣ್ಣೆ, ಈ ಮೂರೂ ಒಂದಕ್ಕೊಂದು ಸೇರದಂತೆ ಕಾಯುವುದು ಆ ಹಾಳೆ. ಟರ್ಬೊ ಎಂದರೆ ಎಂಜಿನ್ನು ಬಿಡುವ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ತುರುಕುವ ಪುಟ್ಟ ಚಕ್ರ. ಗಾಳಿ ಹೆಚ್ಚಾದಷ್ಟೂ ಹೆಡ್ಡನ್ನು ಮೇಲಕ್ಕೆ ತಳ್ಳುವ ಒತ್ತಡ ಹೆಚ್ಚು. ಸಾದಾ ಎಂಜಿನ್ನು ಹೊಟ್ಟೆಗೆ ಹಾಕಿಕೊಳ್ಳುವ ತಪ್ಪನ್ನು ಟರ್ಬೊ ಎಂಜಿನ್ನು ಹಾಕಿಕೊಳ್ಳುವುದಿಲ್ಲ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ನಮ್ಮ ಊರು ಕ್ಯಾಸಂಬಳ್ಳಿಗೆ ಹೋಗುವ ದಾರಿಯಲ್ಲಿದೆ. ಅಪ್ಪನಿಗೆ ಒಂದಿಷ್ಟು ರಾಗಿ ಹೊಲ, ಎರಡು ಹಸು. ಹತ್ತನೇ ಕ್ಲಾಸಿನಲ್ಲಿ ಫೇಲಾದ ಮೇಲೆ ನನ್ನನ್ನು ಕೆಜಿಎಫ್‌ನ ದೊರೆಸ್ವಾಮಿ ಮೇಸ್ತ್ರಿಯ ಶೆಡ್ಡಿಗೆ ಸೇರಿಸಿದರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೇಸ್ತ್ರಿ ಕನ್ನಡದಲ್ಲಿ ಕೆಲಸ ಹೇಳುತ್ತಿದ್ದರು, ತೆಲುಗಿನಲ್ಲಿ ಗಿರಾಕಿಗಳ ಜೊತೆ ಮಾತಾಡುತ್ತಿದ್ದರು, ತಮಿಳಿನಲ್ಲಿ ಬೈಯುತ್ತಿದ್ದರು. ಆಗ ಬರುತ್ತಿದ್ದುದೆಲ್ಲ ಪೆಟ್ರೋಲ್ ಟ್ಯಾಕ್ಸಿಗಳು, ಜೀಪುಗಳು. ಹೆಡ್ಡು ಬಿಚ್ಚಿದರೆ ಮರದ ತುಂಡಿಗೆ ಎಮರಿ ಕಾಗದ ಸುತ್ತಿ ಉಜ್ಜುವುದು, ಗ್ಯಾಸ್ಕೆಟ್ಟಿಗೆ ಎರಡೂ ಕಡೆ ಅಂಟು ಬಳಿಯುವುದು, ಕೈ ಅಳತೆಯಲ್ಲಿ ಬೋಲ್ಟು ಬಿಗಿಯುವುದು. ಅಷ್ಟಕ್ಕೇ ನಿಲ್ಲುತ್ತಿತ್ತು. ಐದು ವರ್ಷದಲ್ಲಿ ಆ ಕೆಲಸ ಪೂರ್ತಿ ನನ್ನ ಕೈಗೆ ಬಂತು. ಮೇಸ್ತ್ರಿಯ ನಂತರ ನಾನೇ ಎಂದುಕೊಂಡಿದ್ದೆ.

ಆಗ ಏಳುಮಲೈ ಬಂದ. ನನ್ನದೇ ವಯಸ್ಸು, ಸಣಕಲು ದೇಹ, ಮಾತು ಕಡಿಮೆ. ಅವನ ಅಪ್ಪ ಗಣಿಯಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದವರು. ಅವನೂ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಕಲಿತಿದ್ದ. ಅಲ್ಲಿ ಕಾಯಂ ಆಗದೆ ನಮ್ಮಲ್ಲಿಗೆ ಬಂದಿದ್ದ. ಬರುವಾಗ ಬಟ್ಟೆಯಲ್ಲಿ ಸುತ್ತಿದ ಎರಡು ಸಾಮಾನು ತಂದಿದ್ದ. ಒಂದು, ಅಂಚು ಕೂದಲಷ್ಟೂ ಡೊಂಕಿಲ್ಲದ ಉಕ್ಕಿನ ಪಟ್ಟಿ. ಇನ್ನೊಂದು, ಇಸ್ಪೀಟ್ ಎಲೆಗಳಂತೆ ಬಿಚ್ಚಿಕೊಳ್ಳುವ ಸಣ್ಣ ಉಕ್ಕಿನ ಎಲೆಗಳ ಕಟ್ಟು, ಫೀಲರ್ ಗೇಜು. ಒಂದೊಂದು ಎಲೆಗೂ ಒಂದೊಂದು ದಪ್ಪ.

ಅವನು ಬಂದು ಒಂದು ವಾರವಾಗಿರಬಹುದು. ನಾನು ಒಂದು ಟ್ಯಾಕ್ಸಿಯ ಹೆಡ್ಡನ್ನು ಉಜ್ಜಿ ಕನ್ನಡಿಯಂತೆ ಹೊಳೆಯಿಸಿ ಇಟ್ಟಿದ್ದೆ. ಮೇಸ್ತ್ರಿ ಏಳುಮಲೈಗೆ, "ಒಂದ್ ದಪ ನೋಡು" ಎಂದರು. ಅವನು ಪಟ್ಟಿಯನ್ನು ಅಂಚು ಕೆಳಗಾಗಿ ಹೆಡ್ಡಿನ ಮೇಲೆ ನಿಲ್ಲಿಸಿ, ಬಾಗಿಲ ಬೆಳಕಿಗೆ ಹಿಡಿದು ಕಣ್ಣು ಕೆಳಗಿಳಿಸಿದ. ನನ್ನನ್ನೂ ಕರೆದ. ಪಟ್ಟಿಯ ಕೆಳಗೆ, ನಡುವೆ, ಬಿಸಿಲಿನ ಗೆರೆಯೊಂದು ಕಾಣುತ್ತಿತ್ತು. ನಾನು ಉಜ್ಜಿ ಉಜ್ಜಿ ಅಲ್ಲೇ ಹಳ್ಳ ಮಾಡಿದ್ದೆ. ಅವನು ಒಂದು ಎಲೆಯನ್ನು ಆ ಸಂದಿಯಲ್ಲಿ ತೂರಿಸಿ ಹೊರತೆಗೆದು ತೋರಿಸಿದ. ಮೇಸ್ತ್ರಿಯೂ ಬಗ್ಗಿ ನೋಡಿದರು.

"ಅವನ್ ಕೈ ಸುತ್ತಂ ಡಾ" ಎಂದರು. ಅವನ ಕೈ ಶುದ್ಧ ಎಂದು. ಆಮೇಲೆ ಕನ್ನಡದಲ್ಲಿ, "ಇನ್ಮ್ಯಾಲೆ ಹೆಡ್ ಕೆಲ್ಸ ಅವ್ನು ನೋಡ್ಕಳ್ಳಿ. ನೀನು ಬ್ರೇಕು, ಕ್ಲಚ್ಚು ನೋಡ್ಕೋ" ಎಂದರು.

ಐದು ವರ್ಷದಲ್ಲಿ ಒಂದು ದಿನವೂ ಮೇಸ್ತ್ರಿ ನನ್ನ ಕೈಯ ಬಗ್ಗೆ ಅಂಥ ಮಾತು ಆಡಿರಲಿಲ್ಲ. ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ಮುದ್ದೆಯನ್ನು ಬೀದಿನಾಯಿಗೆ ಹಾಕಿದೆ. ಮಾರನೇ ವಾರ ಒಂದು ಕೆಲಸ ಮಾಡಿದೆ. ಏಳುಮಲೈ ಹೊರಗೆ ಹೋಗಿದ್ದಾಗ ಅವನ ಉಕ್ಕಿನ ಪಟ್ಟಿಯಿಂದ ಒಂದು ಚಕ್ರದ ಮುಚ್ಚಳ ಮೀಟಿದೆ. ಮೀಟುವುದಕ್ಕೆ ಬೇರೆ ಸಲಾಕೆ ಪಕ್ಕದಲ್ಲೇ ಬಿದ್ದಿತ್ತು. ಪಟ್ಟಿಯ ಅಂಚಿನಲ್ಲಿ ಸಣ್ಣ ಕಚ್ಚು ಬಿತ್ತು. ಅವನು ಬಂದು ನೋಡಿದ, ಸುತ್ತ ಇದ್ದವರ ಮುಖ ನೋಡಲಿಲ್ಲ. ಊಟದ ಹೊತ್ತು ಪೂರ್ತಿ ಸಾಣೆಕಲ್ಲಿಗೆ ಎಣ್ಣೆ ಹಚ್ಚಿ ಆ ಅಂಚನ್ನು ಸರಿಮಾಡುತ್ತ ಕೂತ. ನಾನು ಎದುರಿಗೇ ಕೂತು ಊಟ ಮಾಡಿದೆ. ಅವತ್ತು ಊಟ ರುಚಿಯಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಎಂಬತ್ತರ ಸುಮಾರಿಗೆ ಮೇಸ್ತ್ರಿ ತೀರಿಕೊಂಡರು. ನಾನು ಬಂಗಾರಪೇಟೆಗೆ ಬಂದು ಗ್ಯಾರೇಜು ಹಾಕಿದೆ. ಏಳುಮಲೈ ಉರಿಗಾಂ ಸ್ಟೇಷನ್ನಿನ ಹತ್ತಿರ ತಗಡಿನ ಶೆಡ್ಡು ಕಟ್ಟಿಕೊಂಡ. ಮಾರಿಕುಪ್ಪಂಗೆ ಹೋಗುವ ರೈಲು ಅದರ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಆ ರೈಲಿನಲ್ಲಿ ಹೋಗುವಾಗಲೆಲ್ಲ ನಾನು ಎಡಗಡೆಯ ಕಿಟಕಿಯಲ್ಲೇ ಕೂರುತ್ತಿದ್ದೆ. ಅವನ ಶೆಡ್ಡಿನ ಮುಂದೆ ಎಷ್ಟು ಗಾಡಿ ನಿಂತಿವೆ ಎಂದು ಎಣಿಸಲು. ಎರಡಿದ್ದರೆ ಮನಸ್ಸು ಹಗುರ. ಐದಿದ್ದರೆ ಅವತ್ತೆಲ್ಲ ಯಾರ ಮೇಲಾದರೂ ರೇಗುತ್ತಿದ್ದೆ. ಅವನ ಹತ್ತಿರ ಬೋಲ್ಟು ಬಿಗಿತ ಅಳೆಯುವ ಟಾರ್ಕ್ ಪಾನಾ ಇದೆ ಎಂದು ಕೇಳಿ, ಬೆಂಗಳೂರಿಗೆ ಹೋಗಿ ನಾನೂ ಒಂದು ತಂದೆ. ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ತೂಗುಹಾಕಿದೆ. ಅದರ ಮೇಲಿನ ಅಂಕಿ ಯಾವ ಲೆಕ್ಕದ್ದು ಎಂದು ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ ಹೇಳುವವನು ಒಬ್ಬನೇ ಇದ್ದ. ಹಾಗಾಗಿ ಕೇಳಲಿಲ್ಲ.

ಆ ವರ್ಷಗಳಲ್ಲಿ ಕೆಲಸದ ರೀತಿ ಬದಲಾಗುತ್ತ ಬಂತು. ಪೆಟ್ರೋಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಶುರುವಾಯಿತು. ಡೀಸೆಲ್ ಎಂದರೆ ಒಳಗಿನ ಒತ್ತಡ ಜಾಸ್ತಿ. ಒಂದು ಸಲ ಒಂದು ಡೀಸೆಲ್ ಜೀಪಿನ ಹೆಡ್ಡು ಬಿಗಿಯುತ್ತಿದ್ದೆ. ಬ್ಲಾಕಿನಲ್ಲಿ ಬೋಲ್ಟು ಇಳಿಯುವ ತೂತುಗಳ ತಳ ಮುಚ್ಚಿರುತ್ತದೆ. ಅವುಗಳಲ್ಲಿ ಎಣ್ಣೆ ನಿಂತಿತ್ತು, ನಾನು ಒರೆಸಿರಲಿಲ್ಲ. ಬೋಲ್ಟು ಕೆಳಗಿಳಿದಂತೆ ಎಣ್ಣೆಗೆ ಹೋಗಲು ಜಾಗವಿಲ್ಲ. ಬಿಗಿಯಾಯಿತು ಎಂದು ಕೈಗೆ ಅನಿಸುತ್ತದೆ, ನಿಜದಲ್ಲಿ ಬೋಲ್ಟು ಕೂತಿರುವುದು ಎಣ್ಣೆಯ ಮೇಲೆ. ನಾನು ಇನ್ನೊಂದು ಎಳೆತ ಎಳೆದೆ. ಟಪ್ ಎಂದು ಸದ್ದಾಯಿತು. ಬ್ಲಾಕು ಪಕ್ಕಕ್ಕೆ ಬಿರುಕು ಬಿಟ್ಟಿತು.

ಮನೆಗೆ ಬಂದು ಬೋಲ್ಟು ಕೆಟ್ಟದ್ದಿತ್ತು ಎಂದು ಹೆಂಡತಿ ಲಕ್ಷ್ಮಮ್ಮನ ಮುಂದೆ ಹೇಳಿದೆ. ಅವಳು ಹಸುವಿಗೆ ಮುಸುರೆ ಕಲಸುತ್ತ, "ಆ ಉರಿಗಾಂ ಅಣ್ಣನ್ನ ಒಂದ್ ಮಾತು ಕೇಳ್ಬಾರ್ದಾ? ಒಟ್ಟಿಗೆ ಕಲ್ತೋರಲ್ವಾ" ಎಂದಳು.

"ಅವ್ನಿಗೇನ್ ಕೊಂಬೈತಾ?" ಎಂದೆ.

"ಕೊಂಬಿಲ್ದೆ ಇರೋದಕ್ಕೇ ಕೇಳು ಅಂದಿದ್ದು" ಎಂದು ಅವಳು ಕೆಲಸ ಮುಂದುವರಿಸಿದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ತೊಂಬತ್ತರ ದಶಕದ ನಡುವೆ ಗೋವಿಂದರೆಡ್ಡಿಯವರ ಕಾರು ನನ್ನ ಗ್ಯಾರೇಜಿಗೆ ಬಂತು. ರೆಡ್ಡಿಯವರು ಬಂಗಾರಪೇಟೆಯವರೇ, ಕ್ಯಾಸಂಬಳ್ಳಿಯ ಆಚೆ ಅವರದು ಗ್ರಾನೈಟ್ ಕ್ವಾರಿ. ವಿದೇಶದಿಂದ ತರಿಸಿದ ಟರ್ಬೊ ಡೀಸೆಲ್ ಕಾರನ್ನು ಬೆಂಗಳೂರಿನಲ್ಲಿ ಯಾರಿಂದಲೋ ಕೊಂಡಿದ್ದರು. ನಮ್ಮ ಕಡೆ ಅಂಥ ಕಾರು ಅದೊಂದೇ. ಅದು ಏಳುಮಲೈಯ ಶೆಡ್ಡಿಗೆ ಹೋಗದೆ ನನ್ನ ಬಾಗಿಲಿಗೆ ಬಂದದ್ದಕ್ಕೆ ನಾನು ಎಷ್ಟು ಹಿಗ್ಗಿದೆನೆಂದರೆ, ಕೆಲಸ ಮುಗಿದ ಮೇಲೂ ಎರಡು ದಿನ ರಸ್ತೆಗೆ ಕಾಣುವಂತೆ ನಿಲ್ಲಿಸಿಕೊಂಡಿದ್ದೆ.

ಒಂದು ದಿನ ರೆಡ್ಡಿಯವರು, "ವೆಂಕಟ್ರಾಮಪ್ಪಾ, ಗಾಡಿ ಎಳೀತಾ ಇಲ್ಲ ಕಣಯ್ಯಾ. ಕ್ವಾರಿ ದಿಬ್ಬ ಹತ್ತೋವಾಗ ಒದ್ದಾಡ್ತೈತೆ. ಏಮನ್ನಾ ಚೆಯ್ಯಿ, ಏನಾದ್ರೂ ಮಾಡು" ಎಂದರು. ಹೈವೇಯಲ್ಲಿ ಒಬ್ಬ ಲಾರಿ ಮೆಕ್ಯಾನಿಕ್ ಹೇಳಿದ್ದ ಉಪಾಯ ನೆನಪಿತ್ತು. ಡೀಸೆಲ್ ಪಂಪಿನ ಹಿಂದಿನ ಸ್ಕ್ರೂವನ್ನು ಅರ್ಧ ಸುತ್ತು ಒಳಕ್ಕೆ ತಿರುಗಿಸಿದೆ. ಹೆಚ್ಚು ಡೀಸೆಲ್ ಹೋಗಲಿ ಎಂದು. ಟರ್ಬೊದ ಒತ್ತಡ ಮಿತಿ ಮೀರಿದಾಗ ತೆರೆದುಕೊಳ್ಳುವ ಬಾಗಿಲಿಗೆ ಒಂದು ಕಡ್ಡಿ ಇರುತ್ತದೆ. ಅದನ್ನು ಎರಡು ಸುತ್ತು ಗಿಡ್ಡ ಮಾಡಿದೆ. ಬಾಗಿಲು ತಡವಾಗಿ ತೆರೆಯಲಿ ಎಂದು. ಕಾರು ಕಪ್ಪು ಹೊಗೆ ಉಗುಳುತ್ತ ದಿಬ್ಬ ಹಾರಿತು. ರೆಡ್ಡಿಯವರು ಬೆನ್ನು ತಟ್ಟಿದರು. ಮೇಸ್ತ್ರಿ ಬದುಕಿದ್ದು ನೋಡಬೇಕಿತ್ತು ಎಂದುಕೊಂಡೆ.

ನಾಲ್ಕು ತಿಂಗಳಿಗೆ ಗ್ಯಾಸ್ಕೆಟ್ ಸುಟ್ಟಿತು. ರೇಡಿಯೇಟರಿನ ನೀರು ಕುದಿಯುವ ಅನ್ನದಂತೆ ಗುಳ್ಳೆ ಎಬ್ಬಿಸುತ್ತಿತ್ತು, ಎಂಜಿನ್ನಿನ ಎಣ್ಣೆ ಮಜ್ಜಿಗೆಯಂತಾಗಿತ್ತು. ನಾನು ಹೆಡ್ಡು ಬಿಚ್ಚಿ, ಹೆಡ್ಡನ್ನು ಮಾತ್ರ ಮೆಷಿನ್ನಿಗೆ ಕಳಿಸಿ ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ಟಿಗೆ ಹಳೆ ಅಭ್ಯಾಸದಂತೆ ಅಂಟು ಬಳಿದು, ಹಳೆಯ ಬೋಲ್ಟುಗಳನ್ನೇ ಹಾಕಿ ಬಿಗಿದೆ. ಬಿಸಿಯಾಗುತ್ತದೆ ಎಂದು, ನೀರಿನ ದಾರಿಗೆ ಅಡ್ಡ ಕೂರುವ ಥರ್ಮೋಸ್ಟಾಟನ್ನು ಕಿತ್ತು ಬಿಸಾಡಿದೆ. ಮೂರು ವಾರ ನಡೆಯಿತು. ಎರಡನೇ ಸಲ ಹೊಸ ಬೋಲ್ಟು ತರಿಸಿದೆ. ಈ ಸಲ ಸಡಿಲವಾಗಬಾರದು ಎಂದು ಪಾನಾಕ್ಕೆ ಪೈಪು ಸಿಕ್ಕಿಸಿ ಮೈಯೆಲ್ಲ ಹಾಕಿ ಎಳೆದೆ. ಹತ್ತೇ ದಿನ. ಕ್ಯಾಸಂಬಳ್ಳಿ ರಸ್ತೆಯಲ್ಲಿ ಬಿಳಿ ಹೊಗೆ ಬಿಡುತ್ತ ಕಾರು ನಿಂತಿತು. ಡ್ರೈವರ್ ಬಾಷಾ ಅದನ್ನು ನನ್ನ ಹತ್ತಿರ ತರಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ನೇರ ಉರಿಗಾಂಗೆ ಎಳೆಸಿಕೊಂಡು ಹೋದ.

ಆ ಕಾರಿನ ರಿಪೇರಿ ಪುಸ್ತಕ ನನ್ನಲ್ಲಿ ಉಳಿದಿತ್ತು. ಇಂಗ್ಲಿಷಿನದು, ನನಗೆ ಚಿತ್ರಗಳಷ್ಟೇ ಅರ್ಥವಾಗುತ್ತಿದ್ದವು. ರೆಡ್ಡಿಯವರು ಅದನ್ನು ಏಳುಮಲೈಗೆ ಮುಟ್ಟಿಸಲು ಹೇಳಿ ಕಳಿಸಿದರು. ಬಾಷಾನ ಕೈಯಲ್ಲಿ ಕೊಡಬಹುದಿತ್ತು. ನಾನೇ ರೈಲು ಹತ್ತಿದೆ. ಅವನು ಏನು ಮಾಡುತ್ತಾನೆ ನೋಡಬೇಕಿತ್ತು. ಅವನಿಗೂ ಆಗದೆ ಹೋಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಏಳುಮಲೈ ಎಂಜಿನ್ನನ್ನು ಪೂರ್ತಿ ಕೆಳಗಿಳಿಸಿ ಬಿಚ್ಚಿಟ್ಟಿದ್ದ. "ಬಾಪ್ಪಾ ವೆಂಕಟ್ರಾಮ, ಕೂತ್ಕೋ" ಎಂದು ಸ್ಟೂಲು ಎಳೆದ. ಬ್ಲಾಕಿನ ಮುಖದ ಮೇಲೆ ಅದೇ ಉಕ್ಕಿನ ಪಟ್ಟಿ ನಿಲ್ಲಿಸಿದ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ ಫೀಲರಿನ ಎಲೆ ಸಲೀಸಾಗಿ ಒಳಗೆ ಹೋಯಿತು.

"ಹೆಡ್ ಮಾತ್ರ ಮೆಷಿನ್‌ಗೆ ಕಳ್ಸಿದ್ಯಾ?"

"ಬ್ಲಾಕ್ ಸರೀಗೇ ಇತ್ತು" ಎಂದೆ. ನಾನು ನೋಡಿರಲೇ ಇಲ್ಲ.

ಅವನು ವಾದ ಮಾಡಲಿಲ್ಲ. ನಾನು ಪೈಪು ಹಾಕಿ ಬಿಗಿದಿದ್ದ ಬೋಲ್ಟನ್ನೂ ಒಂದು ಹೊಸ ಬೋಲ್ಟನ್ನೂ ಪಕ್ಕ ಪಕ್ಕ ನಿಲ್ಲಿಸಿದ. ನನ್ನದು ಉದ್ದವಾಗಿತ್ತು, ನಡುವೆ ಸೊಂಟ ಕರಗಿತ್ತು. "ಈ ಬೋಲ್ಟು ಬೆಲ್ಲದ ಪಾಕ ಇದ್ದಂಗೆ. ಒಂದ್ ದಪ ಅಳ್ತೆಗೆ ಎಳೆದ್ರೆ ಇಡ್ಕಂತೈತೆ. ಜಾಸ್ತಿ ಎಳೆದ್ರೆ ಇಡ್ಯಲ್ಲ. ಬಿಚ್ಚಿ ಎರಡ್ನೇ ದಪ ಎಳೆದ್ರೂ ಇಡ್ಯಲ್ಲ" ಎಂದ. ಆ ಮಾತನ್ನು ನಾನು ಆಮೇಲೆ ನೂರು ಜನಕ್ಕೆ ನನ್ನದೇ ಎಂಬಂತೆ ಹೇಳಿದ್ದೇನೆ.

ಆಮೇಲೆ ಅವನು ತಲೆ ಎತ್ತದೆ ಕೇಳಿದ, "ಪಂಪು, ಟರ್ಬೊ ಏನಾದ್ರೂ ಮುಟ್ಟಿದ್ಯಾಪ್ಪಾ?"

ಹೇಳಿಬಿಡುವುದಕ್ಕೆ ಒಂದು ಉಸಿರು ಸಾಕಿತ್ತು. ಹೇಳಿದರೆ ಅವನು ಗೆಲ್ಲುತ್ತಾನೆ ಎಂದು ನನಗೆ ಗೊತ್ತಿತ್ತು. ಹೇಳದಿದ್ದರೆ ಅವನು ಎಷ್ಟೇ ಶುದ್ಧವಾಗಿ ಕಟ್ಟಿದರೂ ಆ ಒತ್ತಡಕ್ಕೆ ಗ್ಯಾಸ್ಕೆಟ್ ನಿಲ್ಲುವುದಿಲ್ಲ ಎಂದೂ ಗೊತ್ತಿತ್ತು.

"ಇಲ್ಲ. ಕಂಪ್ನಿಯಿಂದ ಬಂದಂಗೇ ಐತೆ" ಎಂದೆ.

"ಸರಿ" ಎಂದ.

ಎರಡು ವಾರ ಬಿಟ್ಟು, ಮಾರಿಕುಪ್ಪಂನಲ್ಲಿ ಯಾರನ್ನೋ ನೋಡಬೇಕು ಎಂದು ನೆಪ ಮಾಡಿಕೊಂಡು ಮತ್ತೆ ಹೋದೆ. ಬ್ಲಾಕೂ ಹೆಡ್ಡೂ ಮೆಷಿನ್ನಿಂದ ಮಟ್ಟವಾಗಿ ಬಂದಿದ್ದವು. ಏಳುಮಲೈ ಬೋಲ್ಟಿನ ಪ್ರತಿ ತೂತಿಗೂ ಒಳಗಿನ ಸುರುಳಿಗೆರೆ ಕೊರೆಯುವ ಟ್ಯಾಪು ಇಳಿಸಿ, ಪೆಟ್ರೋಲು ಹಾಕಿ ತೊಳೆದು, ಗಾಳಿ ಊದಿ, ಕಡ್ಡಿಗೆ ಹತ್ತಿ ಸುತ್ತಿ ತಳ ಮುಟ್ಟಿಸಿ ನೋಡುತ್ತಿದ್ದ. ಹತ್ತಿ ಬೆಳ್ಳಗೆ ಹೊರಬರುವವರೆಗೆ ಮುಂದಿನ ತೂತಿಗೆ ಹೋಗಲಿಲ್ಲ. ಬ್ಲಾಕನ್ನು ಕೆರೆಸಿದ್ದರಿಂದ ಪಿಸ್ಟನ್ನು ಮೊದಲಿಗಿಂತ ಮೇಲೆ ಬರುತ್ತದೆ. ಎಷ್ಟು ಮೇಲೆ ಎಂದು ಮುಳ್ಳಿರುವ ಗೇಜು ಇಟ್ಟು ನಾಲ್ಕನ್ನೂ ಅಳೆದು, ಅದಕ್ಕೆ ಸರಿಯಾದ ದಪ್ಪದ ಗ್ಯಾಸ್ಕೆಟ್ಟನ್ನು ಬೆಂಗಳೂರಿನಿಂದ ತರಿಸಿದ್ದ. ಒಂದೇ ಎಂಜಿನ್ನಿಗೆ ಮೂರು ದಪ್ಪದ ಗ್ಯಾಸ್ಕೆಟ್ ಬರುತ್ತದೆ, ಅದರ ಅಂಚಿನಲ್ಲಿರುವ ಸಣ್ಣ ತೂತುಗಳ ಲೆಕ್ಕವೇ ಅದರ ಗುರುತು ಎಂದು ನನಗೆ ಅವತ್ತು ಗೊತ್ತಾಯಿತು. ಅಷ್ಟು ವರ್ಷ ಆ ತೂತುಗಳನ್ನು ನೋಡಿದ್ದೆ; ಯಾಕೆ ಎಂದು ಯೋಚಿಸಿರಲಿಲ್ಲ.

ಗ್ಯಾಸ್ಕೆಟ್ಟಿಗೆ ಅವನು ಅಂಟು ಮುಟ್ಟಿಸಲಿಲ್ಲ. ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಒಣ ಗ್ಯಾಸ್ಕೆಟ್ಟನ್ನು ಹಾಗೇ ಇಟ್ಟ. ಬೋಲ್ಟುಗಳನ್ನು ನಡುವಿನಿಂದ ಹೊರಗಡೆಗೆ, ಪುಸ್ತಕದ ಅಂಕಿಯಂತೆ ಸುತ್ತು ಸುತ್ತಾಗಿ ಬಿಗಿದ. ಕೊನೆಗೆ ಪ್ರತಿ ಬೋಲ್ಟಿನ ತಲೆಗೂ ಬಿಳಿ ಬಣ್ಣದ ಚುಕ್ಕಿ ಇಟ್ಟು, ಚುಕ್ಕಿ ಕಾಲು ಸುತ್ತು ತಿರುಗುವಷ್ಟು ಎಳೆದ. ಹತ್ತು ಚುಕ್ಕಿಗಳೂ ಒಂದೇ ದಿಕ್ಕಿಗೆ ತಿರುಗಿ ನಿಂತವು. ರೇಡಿಯೇಟರನ್ನು ಬಿಚ್ಚಿ ನಮ್ಮ ಕಡೆಯ ಗಡಸು ನೀರು ಕಟ್ಟಿದ್ದ ಸುಣ್ಣವನ್ನೆಲ್ಲ ತೆಗೆಸಿದ್ದ. ನಾನು ಬಿಸಾಡಿದ್ದ ಥರ್ಮೋಸ್ಟಾಟಿನ ಜಾಗದಲ್ಲಿ ಹೊಸದು ಕೂತಿತ್ತು. ಅದು ಇಲ್ಲದಿದ್ದರೆ ನೀರು ಒಂದೇ ಹದದ ಬಿಸಿಯಲ್ಲಿ ಇರುವುದಿಲ್ಲ ಎಂದು ಹೇಳಿದ.

ನಾನು ಒಂದೊಂದನ್ನೂ ನೋಡಿದೆ. ನೋಡುತ್ತ ಹೋದಂತೆ ಹೊಟ್ಟೆ ಉರಿಯಿತು. ಅವನು ಸೋಲಲಿ ಎಂದು ಬಂದವನಿಗೆ ಅವನ ಕೆಲಸದಲ್ಲಿ ಒಂದು ಕುಂದು ಸಿಗಲಿಲ್ಲ. ಪಂಪಿನ ಸ್ಕ್ರೂ ಒಂದೇ ನನ್ನ ಕಡೆ ಇತ್ತು.

ಕಾರು ರೆಡ್ಡಿಯವರ ಮನೆಗೆ ಬಂತು. ನಾನು ದಿನ ಎಣಿಸಲು ಶುರುಮಾಡಿದೆ. ಹತ್ತು ದಿನ, ಹೆಚ್ಚೆಂದರೆ ಮೂರು ವಾರ ಎಂದು ನನ್ನ ಅಂದಾಜು. ಆರನೇ ದಿನ ಲಕ್ಷ್ಮಮ್ಮ ರೆಡ್ಡಿಯವರ ಮನೆಗೆ ಹಾಲು ಹಾಕಿ ಬಂದು, "ಅವ್ರ ಮಗಳು ಬಾಣಂತನಕ್ಕೆ ಬಂದವ್ಳೆ. ದಿನ ತುಂಬೈತಂತೆ. ಡಾಕ್ಟ್ರು ಕೋಲಾರಕ್ಕೇ ಬರ್ಬೇಕು ಅಂದವ್ರಂತೆ. ಅದಕ್ಕೇ ಕಾರು ಎಲ್ಲೂ ಕಳಿಸ್ದೆ ಬಾಗ್ಲಲ್ಲೇ ನಿಲ್ಸವ್ರೆ" ಎಂದಳು.

ಅವತ್ತಿನಿಂದ ನನಗೆ ಗ್ಯಾರೇಜಿನಲ್ಲಿ ಕೈ ಓಡಲಿಲ್ಲ. ಬೆಳಿಗ್ಗೆ ಎದ್ದು, ಇವತ್ತು ರೆಡ್ಡಿಯವರಿಗೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಸ್ಕ್ರೂ ತಿರುಗಿಸಿದ್ದು ನಾನು, ಅದನ್ನು ಸರಿ ಮಾಡಿಸಿ ಎಂದರೆ ಮುಗಿಯುತ್ತಿತ್ತು. ಎರಡು ಸಲ ಅವರ ಗೇಟಿನವರೆಗೆ ಹೋದೆ. ಅಂಗಳದಲ್ಲಿ ಕಾರು ನಿಂತಿತ್ತು. ಆ ಹುಡುಗಿ ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ನಡೆದಾಡುತ್ತಿದ್ದಳು. ಹೇಳಿದರೆ ಏಳುಮಲೈಯ ಹೆಸರು ಉಳಿಯುತ್ತದೆ, ನನ್ನದು ಹೋಗುತ್ತದೆ. ಎರಡು ಸಲವೂ ವಾಪಸ್ಸು ಬಂದೆ. ಇದನ್ನು ಓದುವ ನೀವು, ಕೊನೆಗೆ ಒಳ್ಳೆ ಬುದ್ಧಿ ಬಂದು ಹೇಳಿದೆ ಎಂದು ಕಾಯುತ್ತಿರಬಹುದು. ನಾನು ಹೇಳಲಿಲ್ಲ.

ಹದಿನೇಳನೇ ದಿನ ಮಧ್ಯಾಹ್ನ ಬಾಷಾ ಟೀ ಅಂಗಡಿಯಲ್ಲಿ ಸಿಕ್ಕ. "ಹೆಣ್ಣು ಮಗು ಮೇಸ್ತ್ರಿ" ಎಂದು ನಕ್ಕ. ಬೆಳಿಗ್ಗೆ ನೋವು ಶುರುವಾಗಿತ್ತಂತೆ. ಕೋಲಾರದವರೆಗೆ ಒಂದೇ ಓಟದಲ್ಲಿ ಓಡಿಸಿದನಂತೆ. "ಟೆಂಪರೇಚರ್ ಮುಳ್ಳು ಅಳ್ಳಾಡ್ಲಿಲ್ಲ ನೋಡಿ. ಗೆರೆ ಮ್ಯಾಲೇ ನಿಂತಿತ್ತು."

ಟೀ ಲೋಟ ಹಿಡಿದು ಬೆಂಚಿನ ಮೇಲೆ ಕೂತೆ. ಏನೂ ಆಗಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅದು ಆರುವ ಮೊದಲೇ, ಆ ಒತ್ತಡಕ್ಕೂ ಅವನ ಗ್ಯಾಸ್ಕೆಟ್ ನಿಂತಿತಲ್ಲ ಎಂಬ ಉರಿ ಎದ್ದಿತು. ಎರಡೂ ಒಟ್ಟಿಗೇ ಇದ್ದವು. ಮನುಷ್ಯನ ಒಳಗೆ ಎರಡೂ ಇರಬಹುದು ಎಂದು ನನಗೆ ಅವತ್ತೇ ತಿಳಿದದ್ದು.

ಬಾಷಾ ಮುಂದುವರಿಸಿದ. "ಆದ್ರೆ ಮೇಸ್ತ್ರಿ, ಮೊದ್ಲಿನಂಗೆ ಎಳೆಯಲ್ಲ. ಕಪ್ಪು ಹೊಗೇನೂ ಇಲ್ಲ. ಏಳುಮಲೈ ಅಣ್ಣ ಪಂಪು ತಗೊಂಡೋಗಿ ಮೆಷಿನ್‌ಗೆ ಕಟ್ಟಿ ಅಳ್ತೆ ಮಾಡಿಸ್ಕೊಂಡು ಬಂದ್ರು. ಟರ್ಬೊಗೆ ಗೇಜು ಹಾಕಿ ನೋಡಿದ್ರು. ಇದು ಕೊಂಡಾಗ್ಲೇ ಅಂಗಿತ್ತು, ಬೆಂಗ್ಳೂರ್‌ನಲ್ಲಿ ಯಾರೋ ತಿರುಗಿಸಿರ್ಬೇಕು ಅಂತ ಯಜಮಾನ್ರಿಗೆ ಹೇಳಿದ್ರು."

ನಾನು ಟೀ ಲೋಟ ಇಟ್ಟು ಎದ್ದೆ. ಸೀದಾ ಸ್ಟೇಷನ್ನಿಗೆ ಹೋದೆ.

ಏಳುಮಲೈ ಒಬ್ಬನೇ ಇದ್ದ. ಬೇರೆ ಯಾವುದೋ ವ್ಯಾನಿನ ಎಂಜಿನ್ನು ಸ್ಟ್ಯಾಂಡಿನ ಮೇಲಿತ್ತು. ಗ್ಯಾಸ್ಕೆಟ್ ಆಗಲೇ ಕೂರಿಸಿದ್ದ. ಹೆಡ್ಡು ಪಕ್ಕದ ಮೇಜಿನ ಮೇಲಿತ್ತು. ನಾನು ಬಾಗಿಲಲ್ಲೇ ನಿಂತು ಹೇಳಿದೆ.

"ಪಂಪ್ ತಿರುಗ್ಸಿದ್ದು ನಾನು ಕಣಪ್ಪಾ."

"ಗೊತ್ತು" ಎಂದ.

"ಯಾವಾಗ ಗೊತ್ತಾತು?"

"ಗಾಡಿ ಬಂದ ದಿನಾನೇ. ಸ್ಕ್ರೂ ಮ್ಯಾಲಿನ ಸೀಲ್ ಒಡ್ದಿತ್ತು. ಕಡ್ಡಿ ನಟ್ಟಿನ ಮ್ಯಾಲೆ ಪಾನಾ ಗುರ್ತು ಹೊಸ್ದಾಗಿತ್ತು."

"ಮತ್ತೆ ನನ್ನ ಯಾಕ್ ಕೇಳ್ದೆ?"

ಯಾವ ಕೋಪವೂ ಇಲ್ಲದೆ, ಕೆಲಸದ ವಿಚಾರ ಹೇಳುವಂತೆ ಹೇಳಿದ. "ಎಷ್ಟು ಸುತ್ತು ಅಂತ ನೀನ್ ಹೇಳಿದ್ರೆ ಸುಲ್ಬ ಆಗ್ತಿತ್ತು. ನೀನ್ ಹೇಳ್ಲಿಲ್ಲ. ಕಂಡ್ಹಿಡಿಯೋಕೆ ಮೂರು ದಿನ ಆತು."

"ರೆಡ್ಡಿಯವ್ರಿಗೆ ಯಾಕೆ ನನ್ನೆಸ್ರು ಹೇಳ್ಲಿಲ್ಲ?"

"ಹೇಳಿದ್ರೆ ಗಾಡಿ ಸರಿಯಾಗ್ತಿತ್ತಾ?"

ಅವನು ಬೈದಿದ್ದರೆ ನಾನೂ ಏನಾದರೂ ಅಂದು, ಜಗಳ ಮಾಡಿಕೊಂಡು, ಹಗುರಾಗಿ ಮನೆಗೆ ಬರುತ್ತಿದ್ದೆ. ಅದಕ್ಕೂ ಅವನು ಜಾಗ ಕೊಡಲಿಲ್ಲ. ಅವನು ಹೆಡ್ಡಿನ ಕಡೆ ಕೈ ತೋರಿಸಿದ.

"ಬಾ, ಆ ಕಡೆ ಇಡ್ಕೋ. ಒಬ್ಬನೇ ಇಳಿಸಿದ್ರೆ ಓರೆಯಾಗಿ ಗ್ಯಾಸ್ಕೆಟ್ ಗೀರ್ತೈತೆ. ಮೊದ್ಲು ಕೈ ತೊಳ್ಕಂಡ್ ಬಾ."

ತೊಟ್ಟಿಯಲ್ಲಿ ಕೈ ತೊಳೆದು ಒರೆಸಿಕೊಂಡು ಬಂದೆ. ಇಬ್ಬರೂ ಎರಡು ತುದಿ ಹಿಡಿದು ಎತ್ತಿದೆವು. ಬ್ಲಾಕಿನ ಎರಡು ಪಿನ್ನುಗಳ ಮೇಲೆ ನೇರಕ್ಕೆ ತಂದು, ಜರುಗಿಸದೆ, ಒಂದೇ ಮಟ್ಟದಲ್ಲಿ ಇಳಿಸಿದೆವು. ಸದ್ದಿಲ್ಲದೆ ಕೂತಿತು. ಆಮೇಲೆ ಅವನು ಪುಸ್ತಕ ಬಿಚ್ಚಿ, ಟಾರ್ಕ್ ಪಾನಾದ ಮೇಲಿನ ಅಂಕಿಯನ್ನು ಓದುವುದು ಹೇಗೆ, ಪುಸ್ತಕದ ಅಳತೆಯನ್ನು ನಮ್ಮ ಪಾನಾದ ಅಳತೆಗೆ ತಿರುಗಿಸುವುದು ಹೇಗೆ ಎಂದು ನಾನು ಕೇಳದೆಯೇ ಹೇಳಿಕೊಟ್ಟ. ಹೊಟ್ಟೆಕಿಚ್ಚು ಅವತ್ತು ಹೋಯಿತು ಎಂದು ಬರೆದರೆ ಸುಳ್ಳು. ಹೇಳಿಕೊಡುತ್ತಿರುವಾಗಲೂ ಅವನ ಬೆರಳು ನೋಡಿ ಒಳಗೆ ಚುರ್ ಎನ್ನುತ್ತಿತ್ತು.

ಈಗಿನವರಿಗೆ ಇನ್ನೊಂದು ಮಾತು. ಗ್ಯಾಸ್ಕೆಟ್ ಸುಟ್ಟು ಬಂದ ಗಾಡಿಗೆ ಬರೀ ಗ್ಯಾಸ್ಕೆಟ್ ಹಾಕಿ ಕಳಿಸಬೇಡಿ. ಅದು ಯಾಕೆ ಸುಟ್ಟಿತು ಎಂದು ಮೊದಲು ಹುಡುಕಿ. ರೇಡಿಯೇಟರು ಕಟ್ಟಿರಬಹುದು, ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು, ಯಾರೋ ನನ್ನಂಥವನು ಸ್ಕ್ರೂ ತಿರುಗಿಸಿರಬಹುದು. ನಿಮಗಿಂತ ಮೊದಲು ಅದನ್ನು ಮುಟ್ಟಿದವನನ್ನು ಕೇಳಿ, ಅವನ ಮಾತನ್ನೇ ನಂಬದೆ ಅಳೆದೂ ನೋಡಿ.

ರೆಡ್ಡಿಯವರ ಮೊಮ್ಮಗಳಿಗೆ ವರ್ಷ ತುಂಬುವ ಹೊತ್ತಿಗೆ ನನ್ನ ಬಾಗಿಲಿಗೆ ಇನ್ನೊಂದು ಟರ್ಬೊ ಗಾಡಿ ಬಂತು. ಮುಳಬಾಗಿಲಿನ ಕಡೆಯವರು ಯಾರೋ. ನನ್ನ ಹೆಸರು ಕೇಳಿಕೊಂಡು ಬಂದಿದ್ದರು. ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದೆ, ಗುಳ್ಳೆ ಏಳುತ್ತಿತ್ತು. ಬಿಚ್ಚೋಣ ಎನ್ನಲು ಹೊರಟವನು ಮುಚ್ಚಳವನ್ನು ಮತ್ತೆ ಹಾಕಿದೆ. ನನ್ನಲ್ಲಿ ಬ್ಲಾಕು ಅಳೆಯುವ ಪಟ್ಟಿ ಇನ್ನೂ ಇರಲಿಲ್ಲ, ಪಿಸ್ಟನ್ನಿನ ಎತ್ತರ ನೋಡುವ ಗೇಜೂ ಇರಲಿಲ್ಲ.

"ಇದ್ನ ಉರಿಗಾಂಗೆ ತಗೊಂಡೋಗಿ. ಸ್ಟೇಷನ್ ಅತ್ರ ಏಳುಮಲೈ ಅಂತ ಕೇಳಿ" ಎಂದೆ.

ಅವರಿಗೆ ಅನುಮಾನವಾಯಿತು. ಇಷ್ಟು ದೂರ ಬಂದು ಇನ್ನೊಬ್ಬರ ಹತ್ತಿರ ಯಾಕೆ ಹೋಗಬೇಕು ಎಂಬಂತೆ ನನ್ನ ಮುಖ ನೋಡಿ, "ಒಳ್ಳೆ ಮೆಕ್ಯಾನಿಕ್ಕಾ ಅವ್ರು?" ಎಂದು ಕೇಳಿದರು.

ಆ ಎರಡು ಮಾತು ಹೊರಗೆ ಬರಲು ಇಪ್ಪತ್ತು ವರ್ಷ ಬೇಕಾಯಿತು.

"ನನಗಿಂತ ಒಳ್ಳೇವ್ನು" ಎಂದೆ.